ತಿಳಿಗಡಿಗೆಗೆ ಬಿದ್ದ ನೀರು

ಸ್ಪಂದನ ಗಡಿಗೆಯ ನಲ್ಲಿ ತಿರುಗಿಸಿದಳು. ನಿನ್ನೆ ಸಂಜೆ ಡಾಂಬರಿನ ಹಾಗೆ ಕರ್ರಗೆ ಒಳಗೆ ಹೋಗಿದ್ದ ಎಣ್ಣೆ ಈ ಬೆಳಿಗ್ಗೆ ಜೇನಿನ ಬಣ್ಣದಲ್ಲಿ ಬಾಣಲೆಗೆ ಇಳಿಯಿತು. ಎಷ್ಟು ತಿಳಿ ಅಂದರೆ, ಬಾಣಲೆಯ ತಳದಲ್ಲಿ ಎಂದೋ ಕೊರೆಸಿದ್ದ ಮಾವನ ಹೆಸರು ಎಣ್ಣೆಯೊಳಗಿಂದಲೇ ಕಾಣುತ್ತಿತ್ತು. ಗಿರಾಕಿಗಳು ಬಗ್ಗಿ ಬಗ್ಗಿ ಅದನ್ನು ಓದುತ್ತಿದ್ದರು.

ಎದುರಿನ ಅಂಗಡಿಯಿಂದ ಅದನ್ನು ನೋಡುತ್ತಿದ್ದ ಪಲ್ಲವಿಗೆ ಮೈಯೆಲ್ಲ ಉರಿದುಹೋಯಿತು. ಸುತ್ತಿ ಬಳಸಿ ಹೇಳುವುದೇಕೆ, ಹೊಟ್ಟೆಕಿಚ್ಚು. ಸ್ಪಂದನ ಅವಳ ವಾರಗಿತ್ತಿ, ಮೈದುನನ ಹೆಂಡತಿ. ದಾವಣಗೆರೆಯ ಈ ಬೀದಿಯಲ್ಲಿ ಮಾವ ನಡೆಸುತ್ತಿದ್ದ ಒಂದೇ ಮಿರ್ಚಿ ಮಂಡಕ್ಕಿ ಅಂಗಡಿ ಅಣ್ಣತಮ್ಮಂದಿರ ಪಾಲಿನಲ್ಲಿ ಎರಡಾಗಿತ್ತು. ಬಾಣಲೆ ಚಿಕ್ಕವಳಿಗೆ ಹೋಯಿತು, ಅಂಗಡಿಯ ಹೆಸರು ದೊಡ್ಡವಳ ಕೈಗೆ ಬಂತು. ಇಪ್ಪತ್ತು ವರ್ಷ ಊರಲ್ಲಿ ಮಿರ್ಚಿ ಅಂದರೆ ಪಲ್ಲವಕ್ಕನದು. ಈಗ ಎರಡು ತಿಂಗಳಿಂದ ಅವಳ ಬೆಂಚುಗಳ ಮೇಲೆ ಬೆಕ್ಕು ಮಲಗುತ್ತಿತ್ತು. ಎರಡು ಸಾವಿರದ ಐವತ್ತೆಂಟನೇ ಇಸವಿಯ ಬೆಕ್ಕಿಗೂ ನಾಚಿಕೆ ಅನ್ನುವುದಿರಲಿಲ್ಲ.

ಎಲ್ಲದಕ್ಕೂ ಕಾರಣ ಆ ತಿಳಿಗಡಿಗೆ. ಅದನ್ನು ಕಂಡುಹಿಡಿದವಳು ವಿಶ್ವವಿದ್ಯಾಲಯದ ಡಾಕ್ಟರ್ ಇಂಚರ. ಎಣ್ಣೆಯ ಒಂದೊಂದು ಅಣುವೂ ಒಂದು ಕೂಡುಕುಟುಂಬ: ನಡುವೆ ಗ್ಲಿಸರಾಲ್, ಅದನ್ನು ಹಿಡಿದುಕೊಂಡ ಮೂರು ಕೊಬ್ಬಿನಾಮ್ಲಗಳು. ಹಸಿ ಹಿಟ್ಟಿನ ತೇವ ಕಾದ ಎಣ್ಣೆಗೆ ಬಿದ್ದಾಗಲೆಲ್ಲ ಕೆಲವು ಕುಟುಂಬಗಳು ಒಡೆಯುತ್ತವೆ. ಬೇರೆಯಾದ ಆಮ್ಲಗಳಿಂದಲೇ ಹೊಗೆ, ಕಮಟು, ಗಂಟಲ ಕೆರೆತ. ಗಡಿಗೆಯ ಮೇಲುಭಾಗದ ಜೇಡಿಪದರ ಸುಟ್ಟ ಹಿಟ್ಟನ್ನೂ ಕರಿ ಜಿಡ್ಡನ್ನೂ ಹಿಡಿದಿಡುತ್ತದೆ. ಕೆಳಗೆ ಸಬ್ಬಕ್ಕಿಯಷ್ಟು ಗಾತ್ರದ ಮಣಿಗಳಿವೆ. ಅವುಗಳ ಮೈಗೆ ಅಂಟಿಸಿರುವುದು ಲೈಪೇಸ್ ಎಂಬ ಕಿಣ್ವ. ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸಲೆಂದು ಜೀವಕೋಶಗಳು ತಯಾರಿಸಿಕೊಳ್ಳುವ ಪ್ರೋಟೀನಿಗೆ ಕಿಣ್ವ ಎನ್ನುತ್ತಾರೆ. ನಾವು ತಿಂದ ಕೊಬ್ಬನ್ನು ಹೊಟ್ಟೆಯಲ್ಲಿ ಬಿಡಿಸುವುದೂ ಇದರದೇ ಜಾತಿ. ಇಂಚರ ಸಾಕಿದ ಕಿಣ್ವ ಮಾತ್ರ ಉಲ್ಟಾ ಕೆಲಸ ಮಾಡುತ್ತಿತ್ತು. ಉಗುರುಬೆಚ್ಚಗಿನ ಎಣ್ಣೆಯಲ್ಲಿ ಅಲೆಯುವ ಆಮ್ಲಗಳನ್ನು ಹಿಡಿದು ತಂದು ಮತ್ತೆ ಗ್ಲಿಸರಾಲಿಗೆ ಕೂಡಿಸುತ್ತಿತ್ತು.

ಪರೀಕ್ಷೆಗೆಂದು ಊರಿಗೆ ಬಂದದ್ದು ಒಂದೇ ಗಡಿಗೆ. ಇಂಚರ ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿದ್ದಳು: "ಅಕ್ಕಾ, ಎಷ್ಟು ದಿನಕ್ಕೊಮ್ಮೆ ಎಣ್ಣೆ ಬದಲಿಸ್ತೀರಿ?"

"ದಿನಾ ಹೊಸ ಎಣ್ಣೆ ಮೇಡಂ," ಅಂದಿದ್ದಳು ಪಲ್ಲವಿ, ಎದೆ ಸೆಟೆಸಿ.

"ಬದಲಿಸೋದೆಲ್ಲಿ ಬಂತು ಮೇಡಂ? ಕಮ್ಮಿ ಆದಂಗೆ ಮೇಲೆ ಸುರೀತೀವಿ," ಅಂದಿದ್ದಳು ಸ್ಪಂದನ.

ದಿನಾ ಹೊಸ ಎಣ್ಣೆ ಬಳಸುವವರಿಗೆ ಗಡಿಗೆ ಯಾಕೆ? ಅದು ಸ್ಪಂದನಳ ಪಾಲಾಯಿತು. ಎರಡು ತಿಂಗಳು ಸರಿಯಾಗಿ ನಡೆದರೆ ಕಾಯಂ ಅವಳದೇ, ನಡೆಯದಿದ್ದರೆ ವಾಪಸ್. ತನ್ನ ಸುಳ್ಳೇ ತನ್ನನ್ನು ಹೀಗೆ ಕೂರಿಸಿತಲ್ಲ ಎಂದು ಪಲ್ಲವಿ ಹಲ್ಲು ಕಡಿದಳು. ಸಿಟ್ಟೆಲ್ಲ ಮಾತ್ರ ಸ್ಪಂದನಳ ಮೇಲೆ.

ಗಡಿಗೆ ಕೂರಿಸಿದ ದಿನ ಸ್ಪಂದನ ಮೆಣಸಿನಕಾಯಿ ತರಲು ಮಂಡಿಗೆ ಹೋಗಿದ್ದಳು. ಬಸ್ಸಿನ ಅವಸರದಲ್ಲಿದ್ದ ಇಂಚರ ಪಲ್ಲವಿಗೆ ಹೇಳಿದ್ದಳು: "ಒಂದು ಮಾತು ಅವರಿಗೆ ತಪ್ಪದೆ ತಿಳಿಸಿ. ಒಳಗೆ ನೀರು ಬೀಳಕೂಡದು. ಈ ಕಿಣ್ವ ಒಣಗಿದ್ದರೆ ಕೂಡಿಸುತ್ತೆ, ನೀರು ಸಿಕ್ಕರೆ ಒಡೆಯೋಕೆ ಶುರುಮಾಡುತ್ತೆ. ಇದ್ದ ಎಣ್ಣೆಯನ್ನೂ ಕೆಡಿಸುತ್ತೆ."

ಪಲ್ಲವಿ ತಲೆಯಾಡಿಸಿದಳು. ಸಂಜೆ ಹೇಳಿದರಾಯಿತು ಅಂದುಕೊಂಡಳು. ಸಂಜೆ ಎದುರು ಅಂಗಡಿಯಲ್ಲಿ ಜನ ಮುಗಿಬಿದ್ದಿದ್ದರು, ನಾಳೆ ಅಂದುಕೊಂಡಳು. ಹಾಗೆ ಎರಡು ತಿಂಗಳು ಹೋಯಿತು.

ವರ್ಷದ ದೊಡ್ಡ ಅಮಾವಾಸ್ಯೆ ಬಂತು. ಆವತ್ತು ಮಿರ್ಚಿ ಅಂಗಡಿಯವರು ಒಲೆ, ಬಾಣಲೆ, ತಕ್ಕಡಿ ಎಲ್ಲ ತೊಳೆದು, ವಿಭೂತಿ ಬಳಿದು, ಅರಿಶಿನದ ನೀರು ಚಿಮುಕಿಸುತ್ತಾರೆ. ಅಂಗಡಿಗೆ ಬಿದ್ದ ಕಣ್ಣು ಕಳೆಯಲಿ ಅಂತ. ಬಾಗಿಲಲ್ಲಿ ನಿಂತಿದ್ದ ಪಲ್ಲವಿ ನೋಡುತ್ತಲೇ ಇದ್ದಳು. ಸ್ಪಂದನ ಒಲೆಗೆ ಚಿಮುಕಿಸಿದಳು, ಬಾಣಲೆಗೆ ಚಿಮುಕಿಸಿದಳು. ಆಮೇಲೆ ಗಡಿಗೆಯ ಮುಂದೆ ಕೈಮುಗಿದು, ಮುಚ್ಚಳ ತೆಗೆದು, ಅನ್ನ ಕೊಡುವ ತಾಯಿಗೆ ಕಡಿಮೆ ಮಾಡಬಾರದೆಂದು ಚೊಂಬಿನಲ್ಲಿ ಉಳಿದದ್ದನ್ನೆಲ್ಲ ಒಳಗೇ ಸುರಿದಳು.

"ಏ, ತಡಿಯೇ!" ಎಂಬ ಮಾತು ಪಲ್ಲವಿಯ ಗಂಟಲ ತನಕ ಬಂತು. ಅಲ್ಲೇ ನಿಂತಿತು. ಸಾಯಲಿ ಬಿಡು, ನನ್ನ ಗಂಟೇನು ಹೋಗುತ್ತೆ ಎಂದು ಒಳಗೆ ಹೋಗಿ ಈರುಳ್ಳಿ ಹೆಚ್ಚಲು ಕೂತಳು.

ಮರುದಿನ ಎದುರಂಗಡಿಯ ಬಾಣಲೆ ಕಾಯುವ ಮುಂಚೆಯೇ ಹೊಗೆಯೆದ್ದಿತು. ಮಿರ್ಚಿ ಬಾಯಿಗಿಟ್ಟವರು ಸೋಪು ತಿಂದಂತಿದೆ ಎಂದು ಥೂ ಅಂತ ಉಗಿದರು. ಗಿರಾಕಿಗಳು ರಸ್ತೆ ದಾಟಿ ಪಲ್ಲವಿಯ ಬೆಂಚಿಗೆ ಬಂದರು. ಬೆಕ್ಕು ಎದ್ದು ಹೋಯಿತು. ಎರಡು ತಿಂಗಳಿಂದ ಕಾದಿದ್ದ ಗಳಿಗೆ ಇದೇ. ಆದರೂ ಯಾಕೋ ಪಲ್ಲವಿಗೆ ಖುಷಿ ಆಗಲಿಲ್ಲ.

ಜನ ಕರಗಿದ ಮೇಲೆ ಸ್ಪಂದನ ತಾನೇ ಬಂದಳು. ಕಣ್ಣು ಕೆಂಪಗಿತ್ತು. ಕೈಯಲ್ಲಿ ಉಪ್ಪು, ಒಣಮೆಣಸಿನಕಾಯಿ.

"ಅಕ್ಕಾ, ಯಾರದೋ ಕೆಟ್ಟ ಕಣ್ಣು ಬಿದ್ದೈತೆ. ಎರಡು ತಿಂಗಳು ಮುಗೀತು, ಗಡಿಗೆ ನೋಡೋಕೆ ಇಂಚರ ಮೇಡಂ ಬರೋದ್ರೊಳಗೆ ನೀನೇ ದೃಷ್ಟಿ ತೆಗಿಯಕ್ಕಾ. ಅತ್ತೆ ಹೋದ ಮೇಲೆ ನನಗೆ ಇನ್ಯಾರಿದ್ದಾರೆ?"

ಬೇಡ ಅನ್ನಲಾರದೆ ಪಲ್ಲವಿ ಅವಳ ಜೊತೆ ರಸ್ತೆ ದಾಟಿದಳು. ಗಡಿಗೆಗೂ ಸ್ಪಂದನಳಿಗೂ ಮೂರು ಸುತ್ತು ನಿವಾಳಿಸಿದಳು. "ಕಂಡವರ ಕಣ್ಣು, ಕಾಣದವರ ಕಣ್ಣು, ಬೀದಿ ಕಣ್ಣು..." ಅಂದು ತಡವರಿಸಿದಳು. ಮುಂದಿನದು ಮನೆ ಕಣ್ಣು. ಅದನ್ನು ನುಂಗಿ ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಳು. ದೃಷ್ಟಿ ಆಗಿದ್ದರೆ ಘಾಟು ಬರುವುದಿಲ್ಲ ಎನ್ನುವುದು ಅತ್ತೆಯ ಲೆಕ್ಕ. ದೇವರೇ, ಘಾಟು ಬರದಿರಲಿ, ಎಲ್ಲ ಆ ಕಣ್ಣಿನ ತಲೆಗೇ ಹೋಗಲಿ ಎಂದು ಪಲ್ಲವಿ ಮನಸ್ಸಿನಲ್ಲೇ ಬೇಡಿಕೊಂಡಳು.

ಘಾಟು ಭಗ್ಗನೆ ಎದ್ದಿತು. ಇಬ್ಬರೂ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡರು.

"ದೃಷ್ಟಿ ಅಲ್ಲ ಹಂಗಾದ್ರೆ," ಅಂದಳು ಸ್ಪಂದನ ಸೆರಗಿನಿಂದ ಮುಖ ಒರೆಸುತ್ತ. "ಮತ್ತೇನಕ್ಕಾ?"

"ನೀರು," ಅಂದಳು ಪಲ್ಲವಿ. "ಒಳಗೆ ನೀರು ಬೀಳಬಾರದಂತೆ. ನಿನಗೆ ಹೇಳು ಅಂದಿದ್ರು. ನಾನು ಹೇಳಲಿಲ್ಲ."

"ನಿನ್ನೆ ನಾನು ಸುರಿಯೋದು ನೋಡಿದ್ಯಾ?"

"ನೋಡಿದೆ."

"ನೋಡ್ಕೊಂಡು ಸುಮ್ನಿದ್ಯಾ? ಥೂ! ನಿನ್ನ ಕೈಲೇ ದೃಷ್ಟಿ ತೆಗೆಸ್ಕೊಂಡೆನಲ್ಲ!" ಸ್ಪಂದನ ಉಳಿದ ಉಪ್ಪನ್ನು ಅವಳ ಕಾಲ ಬಳಿ ಎಸೆದಳು.

ಅಷ್ಟರಲ್ಲಿ ಇಂಚರ ಬಂದಳು. ಪಲ್ಲವಿ ಅವಳೆದುರಿಗೂ ಒಪ್ಪಿಕೊಂಡಳು: ಹೊಟ್ಟೆಕಿಚ್ಚಿಗೆ ಹೇಳಲಿಲ್ಲ, ದಿನಾ ಹೊಸ ಎಣ್ಣೆ ಅಂದದ್ದೂ ಸುಳ್ಳು. ಇಂಚರ ಒಂದು ಮಣಿಯನ್ನು ಪರೀಕ್ಷೆಯ ಕಡ್ಡಿಗೆ ಒತ್ತಿ ನೋಡಿದಳು. "ಕಿಣ್ವ ಸತ್ತಿಲ್ಲ. ಮೂರು ದಿನ ಒಣಗಿಸಿದರೆ ಮತ್ತೆ ಕೂಡಿಸುತ್ತೆ. ಗಡಿಗೆಯದೇನೂ ತಪ್ಪಿಲ್ಲ, ಇಲ್ಲೇ ಇರಲಿ," ಅಂದಳು. ಪಲ್ಲವಿಯ ಕಡೆ ತಿರುಗಿ, "ಸುಳ್ಳು ಅಂತ ಆವತ್ತೇ ಗೊತ್ತಿತ್ತು ಅಕ್ಕಾ. ನಿಮ್ಮ ಬಾಣಲೆಯ ತಳ ಕಾಣ್ತಿರಲಿಲ್ಲ," ಅಂದಳು.

ಸ್ಪಂದನ ಚೆಲ್ಲಿದ ಉಪ್ಪನ್ನು ಗುಡಿಸಿದಳು. ಆಮೇಲೆ ಕೇಳಿದಳು, "ಅಕ್ಕಾ, ನಿನ್ನ ಮಕ್ಕಳಿಗೆ ಬಜ್ಜಿ ಯಾವ ಎಣ್ಣೇಲಿ ಕರೀತಿದ್ದೆ?"

"ಹೊಸಾದ್ರಲ್ಲಿ. ಮನೇಲಿ, ಬೇರೆ ಬಾಣಲೇಲಿ."

"ನಾನೂ ಹಂಗೇ. ಇಪ್ಪತ್ತು ವರ್ಷ ಇಬ್ರಿಗೂ ಗೊತ್ತಿತ್ತು. ಯಾರಿಗೆ ಹೇಳಿದ್ವಿ?"

ಪಲ್ಲವಿ ರಸ್ತೆ ದಾಟಿ ತನ್ನ ಅಂಗಡಿಗೆ ಬಂದಳು. ಬೆಂಚಿನ ಮೇಲೆ ದಿನದ ಗಿರಾಕಿಯೊಬ್ಬ ಕೂತಿದ್ದ.

"ಪಲ್ಲವಕ್ಕಾ, ಒಂದು ಪ್ಲೇಟ್ ಮಿರ್ಚಿ, ಬಿಸಿಬಿಸಿ."

ಅವಳು ಬಾಣಲೆಯೊಳಗೆ ನೋಡಿದಳು. ಒಲೆ ಆರಿಸಿದಳು.

"ಇವತ್ತು ಇಲ್ಲಪ್ಪ. ಎಣ್ಣೆ ಸರಿಯಿಲ್ಲ."

"ಇದೇನಕ್ಕಾ? ನಿನ್ನೆನೂ ಇದೇ ಎಣ್ಣೆ ಇತ್ತಲ್ಲ?"

"ಹೂಂ," ಅಂದಳು ಪಲ್ಲವಿ. "ನಿನ್ನೆನೂ ಸರಿಯಿರಲಿಲ್ಲ."