ಐದನೇ ಗೆರೆ

“ಕಾಲು ತೆಗೀಬೇಡಿ! ಒತ್ತಿ ಹಿಡೀರಿ!”

ಯಾರೋ ಕೂಗಿದರು. ಸ್ಟಿಯರಿಂಗ್ ಹಿಡಿದಿದ್ದ ಅವಳು ಯಾರೆಂದು ನೋಡುವ ಸ್ಥಿತಿಯಲ್ಲಿರಲಿಲ್ಲ. ಕೊಕ್ಕೆ ತಿರುವಿನ ಏರಿನಲ್ಲಿ ಗಾಲ್ಫ್ ಗಾಡಿ ಸುಸ್ತಾಗಿ ಕೈಚೆಲ್ಲಿತ್ತು. ಮುಂದಕ್ಕೆ ಒಂದು ಗೇಣೂ ಹೋಗದೆ ಹಿಂದಕ್ಕೆ ಜಾರತೊಡಗಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ. ಅಮ್ಮನ ಪಕ್ಕದಲ್ಲಿ ಕಂಬಿ ತಬ್ಬಿಕೊಂಡು ಕಣ್ಣು ಮುಚ್ಚಿದ್ದ, ಅಮ್ಮನಂತೆಯೇ ಆಸ್ಪತ್ರೆಗೆ ಹೊರಟ ಮೇಷ್ಟ್ರು. ಎಡಗಡೆ ಪ್ರಪಾತ!

ದಪ್ಪನೆಯ ಕಲ್ಲೊಂದು ಹಿಂಚಕ್ರಕ್ಕೆ ಅಡ್ಡ ಬಿತ್ತು. ಗಾಡಿ ನಿಂತಿತು.

ಕಲ್ಲು ಹಾಕಿದವನು ಎದ್ದು ನಿಂತ. ಅಂಗಿಯೆಲ್ಲ ಗ್ರೀಸು. ಬೆಟ್ಟದ ಬುಡದ ಗ್ಯಾರೇಜಿನ ಮೆಕ್ಯಾನಿಕ್.

“ಮೇಡಂ, ಇದು ಹುಲ್ಲಿನ ಮೈದಾನದಲ್ಲಿ ತಣ್ಣಗೆ ಓಡಾಡೋ ಗಾಡಿ. ಬೆಟ್ಟ ಹತ್ತು ಅಂದ್ರೆ ಎಲ್ಲಿಂದ ಹತ್ತುತ್ತೆ?”

“ಹತ್ತಲೇಬೇಕು!” ಅವಳ ದನಿ ಒಡೆಯಿತು. “ಇದು ಹತ್ತದಿದ್ರೆ ನಮ್ಮಮ್ಮ ಉಳಿಯಲ್ಲ...”

ಅವನು ಅಮ್ಮನ ಊದಿದ ಮುಖ ನೋಡಿದ. ರಸ್ತೆ ಕೆಲಸದವರನ್ನು ಕರೆದು ತಂದು, ತಾನೂ ಭುಜ ಕೊಟ್ಟು, ಗಾಡಿಯನ್ನು ಆಸ್ಪತ್ರೆಯ ಬಾಗಿಲವರೆಗೂ ತಳ್ಳಿಬಿಟ್ಟ.

ಡಯಾಲಿಸಿಸ್ ಯಂತ್ರ ಇದ್ದದ್ದು ಆ ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ಮಾತ್ರ. ಗುಡ್ಡ ಕುಸಿದು ಅರ್ಧ ರಸ್ತೆ ಹೋಗಿತ್ತು. ಎಂಜಿನ್ ಅದುರಾಟಕ್ಕೆ ಉಳಿದದ್ದೂ ಹೋದೀತೆಂದು ಕಾರು, ಆಟೋ, ಬೈಕು ಎಲ್ಲಕ್ಕೂ ತಡೆ. ಬ್ಯಾಟರಿಯ ಹಗುರ ಗಾಡಿಗಳಿಗಷ್ಟೇ ಬಿಡುತ್ತಿದ್ದರು. ಅದಕ್ಕೇ ಅವಳು ಈ ಹಳೆಯ ಗಾಲ್ಫ್ ಗಾಡಿ ಕೊಂಡು ತಂದಿದ್ದಳು. ಅಮ್ಮನ ಒಂದು ಸರದಿ ಆಗಲೇ ತಪ್ಪಿತ್ತು. ಇನ್ನೊಂದು ತಪ್ಪಿದರೆ...? ಅದರಾಚೆ ಯೋಚಿಸಲು ಅವಳಿಗೆ ಧೈರ್ಯವಿರಲಿಲ್ಲ.

ಮರುದಿನವೇ ಗಾಡಿ ಗ್ಯಾರೇಜು ಸೇರಿತು.

ಅವನು ಹಳೆಯ ಮೋಟರು ಕಿತ್ತು ಹೆಚ್ಚು ಎಳೆಯುವ ಮೋಟರು ಕೂರಿಸಿದ. ವೇಗ ತಗ್ಗಿ ಬಲ ಹೆಚ್ಚುವಂತೆ ಗೇರು ಬದಲಿಸಿದ. ಮಣಭಾರದ ಹಳೆಯ ಬ್ಯಾಟರಿಗಳ ಜಾಗಕ್ಕೆ ಹಗುರವಾದ ಹೊಸದು ಬಂತು. ಅವಳು ಅಲ್ಲೇ ಕೂತು ನಟ್ಟು ಬೋಲ್ಟು ಎತ್ತಿಕೊಡುತ್ತಿದ್ದಳು.

“ಮೇಡಂ, ಕೇಳಿದ್ದು ಹನ್ನೆರಡರ ಸ್ಪ್ಯಾನರು. ನೀವು ಕೊಡ್ತಿರೋದು ಟೀ ಲೋಟ.”

“ಕುಡೀರಿ ಅಂತ! ಬೆಳಗಿಂದ ಹೊಟ್ಟೆಗೆ ಏನಾದ್ರೂ ಬಿದ್ದಿದೆಯಾ?”

ಅವನು ನಕ್ಕ. ಆ ನಗು ಅವಳ ಎದೆಯಲ್ಲಿ ಎಲ್ಲೋ ಸಿಕ್ಕಿಕೊಂಡಿತು. ‘ಈ ಹೊತ್ತಲ್ಲಿ ನನಗೆ ಇದೆಲ್ಲ ಬೇಕಾ?’ ಎಂದು ತನ್ನನ್ನೇ ಬೈದುಕೊಂಡಳು.

ಅವಳ ಮನೆಯಲ್ಲಿ ಒಂದು ಪದವನ್ನು ಯಾರೂ ಆಡುತ್ತಿರಲಿಲ್ಲ. ಬ್ರೇಕ್.

ಅದೇ ಕೊಕ್ಕೆ ತಿರುವಿನಲ್ಲಿ ಬ್ರೇಕ್ ಹಿಡಿಯದೆ ಅವಳ ಅಣ್ಣನ ವ್ಯಾನು ಉರುಳಿತ್ತು. ಅಂದಿನಿಂದ ಆ ಪದ ಕಿವಿಗೆ ಬಿದ್ದರೆ ಸಾಕು, ಅವಳ ಕೈ ತಣ್ಣಗಾಗಿ ಬಾಯಿ ಕಟ್ಟಿಹೋಗುತ್ತಿತ್ತು. ಅಮ್ಮನಂತೂ “ನಿಲ್ಲಿಸೋದು” ಎಂದೇ ಹೇಳುತ್ತಿದ್ದಳು.

ಹಾಗಾಗಿ ಅವಳು ಟೀ ಲೋಟ ತೊಳೆಯಲು ಹೋದಾಗ ಮೆಕ್ಯಾನಿಕ್ ಗ್ಯಾರೇಜಿಗೆ ಬಂದಿದ್ದ ಅಮ್ಮನ ಬಳಿ ಕೂತು ಬ್ರೇಕಿನ ಮಾತು ತೆಗೆದದ್ದೇ ತಡ, ಅಮ್ಮ ಅವನ ಕೈ ಹಿಡಿದುಕೊಂಡಳು.

“ಅವಳ ಮುಂದೆ ಬೇಡಪ್ಪಾ.”

“ಆದ್ರೆ ಹೇಳ್ಬೇಕಲ್ಲಮ್ಮಾ! ಇಷ್ಟು ಭಾರಕ್ಕೆ ಗಾಡಿಯ ಸಣ್ಣ ಬ್ರೇಕ್ ಸಾಲಲ್ಲ, ದೊಡ್ಡದು ಇನ್ನೂ ಬಂದಿಲ್ಲ. ಅಲ್ಲೀವರೆಗೆ ಇಳಿಜಾರಲ್ಲಿ ಗಾಡಿನ ಹಿಡಿದಿಡೋದು ಮೋಟರೇ. ಇಳಿಯೋ ರಭಸ ಕರೆಂಟಾಗಿ ಬ್ಯಾಟರಿಗೆ ಹೋಗುತ್ತೆ. ಬ್ಯಾಟರಿ ಮೊದಲೇ ತುಂಬಿದ್ರೆ ಅದು ಹೋಗೋದೆಲ್ಲಿಗೆ? ಮೋಟರು ಕೈ ಬಿಟ್ಟುಬಿಡುತ್ತೆ. ಅದಕ್ಕೇ ಚಾರ್ಜಿಗೆ ಒಂದು ಕರಿ ಡಬ್ಬಿ ಹಾಕಿದ್ದೀನಿ. ಮೀಟರಲ್ಲಿ ನಾಲ್ಕು ಗೆರೆ ಬಂದ್ರೆ ಚಾರ್ಜು ನಿಲ್ಲುತ್ತೆ. ಐದು ಬರಬಾರದು.”

“ಸಮಯ ನೋಡಿ ನಾನೇ ಹೇಳ್ತೀನಿ. ಬೆಟ್ಟ ಹತ್ತೋ ಧೈರ್ಯ ಈಗಷ್ಟೇ ಬಂದಿದೆ ಅವಳಿಗೆ. ಕಿತ್ಕೋಬೇಡ.”

ಅವನು ತಲೆಯಾಡಿಸಿದ. ಆ ಸಮಯ ಅಮ್ಮನಿಗೆ ಸಿಗಲೇ ಇಲ್ಲ.

ಗಾಡಿ ಬೆಟ್ಟ ಹತ್ತಿತು! ನಿಧಾನವಾಗಿ, ಗುಂಯ್ ಎನ್ನುತ್ತಾ, ಅಮ್ಮ, ಮೇಷ್ಟ್ರು, ಇನ್ನಿಬ್ಬರು ರೋಗಿಗಳನ್ನು ಹೊತ್ತು ಹತ್ತಿತು. ಕೊಕ್ಕೆ ತಿರುವು ದಾಟಿದಾಗ ಅವಳು ಅತ್ತೇಬಿಟ್ಟಳು. ಅಮ್ಮನ ಮೈಗೆ ಸೂಜಿ ಏರುವ ಹೊತ್ತಿನಲ್ಲಿ ಗಾಡಿಯೂ ಆಸ್ಪತ್ರೆಯ ಗೋಡೆಗೆ ವೈರು ಚುಚ್ಚಿಕೊಂಡು ಚಾರ್ಜಿಗೆ ನಿಲ್ಲುತ್ತಿತ್ತು.

“ನಾನೂ ನಿನ್ನ ಗಾಡೀನೂ ಒಂದೇ ಜಾತಿ ಕಣಮ್ಮಾ,” ಎಂದು ಮೇಷ್ಟ್ರು ನಗುತ್ತಿದ್ದರು. “ವೈರು ಚುಚ್ಚದಿದ್ರೆ ಇಬ್ರೂ ಏಳಲ್ಲ.”

ಆದರೆ ಅವರೇ ಒಂದು ದಿನ ಮೀಟರು ನೋಡಿ ಹುಬ್ಬು ಗಂಟಿಕ್ಕಿದರು. “ಯಾವಾಗ ನೋಡಿದ್ರೂ ನಾಲ್ಕೇ ಗೆರೆ. ಐದು ಯಾಕೆ ಬರಲ್ಲ? ಹಳೇ ಬ್ಯಾಟರಿ ತಲೆಗೆ ಕಟ್ಟಿದ್ದಾನೋ ಏನೋ!”

ಆ ಮಾತು ಅವಳನ್ನು ಹುಳದಂತೆ ಕೊರೆಯಿತು. ಸಂಜೆ ನೇರ ಗ್ಯಾರೇಜಿಗೆ ಹೋದಳು.

“ಐದನೇ ಗೆರೆ ಯಾಕೆ ಬರಲ್ಲ?”

ಅವನ ಕೈಯಲ್ಲಿದ್ದ ಸ್ಪ್ಯಾನರು ನಿಂತಿತು. “ನಾಲ್ಕು ಸಾಕು ಮೇಡಂ.”

“ಸಾಕೋ ಬೇಕೋ ನಾನು ಹೇಳ್ತೀನಿ. ಹಳೇದು ಹಾಕಿದ್ದೀರಾ?”

“ಇಲ್ಲ.”

“ಮತ್ತೆ?”

ಅವನು ಬಾಯಿ ತೆರೆದ. ಅಮ್ಮನಿಗೆ ಕೊಟ್ಟ ಮಾತು ನೆನಪಾಯಿತು. “ಇವತ್ತು ಅಮ್ಮನ್ನೇ ಕೇಳಿ... ಅಲ್ಲೀವರೆಗೆ ನನ್ನ ನಂಬಿ. ಏನೂ ಆಗಲ್ಲ.”

‘ಏನೂ ಆಗಲ್ಲ...’ ಅಣ್ಣನ ವ್ಯಾನು ನೋಡಿದ್ದ ಮೆಕ್ಯಾನಿಕ್ಕೂ ಇದೇ ಹೇಳಿದ್ದ!

“ನಂಬಿದ್ದಕ್ಕೇ ನಮ್ಮಣ್ಣ ಮಣ್ಣಾಗಿದ್ದು. ಇನ್ನು ನನ್ನ ಗಾಡಿ ಮುಟ್ಟಬೇಡಿ. ನನ್ನ ಕಣ್ಣಿಗೂ ಬೀಳಬೇಡಿ!”

ಮನೆಗೆ ಬಂದವಳು ಅಮ್ಮನನ್ನು ಏನೂ ಕೇಳಲಿಲ್ಲ. ಅಮ್ಮ ಜ್ವರದಲ್ಲಿ ಮಲಗಿದ್ದಳು. ಕೇಳಿ ನೋಯಿಸುವುದೇಕೆ ಎಂದುಕೊಂಡಳು. ಆ ಮನೆಯಲ್ಲಿ ಎಲ್ಲರೂ ಎಲ್ಲರನ್ನೂ ಕಾಪಾಡುವುದು ಹೀಗೆಯೇ, ಬಾಯಿ ಮುಚ್ಚಿಕೊಂಡು.

ಮುಂದಿನ ಸರದಿಯ ದಿನ ಅವಳು ಆಸ್ಪತ್ರೆಯ ಅಂಗಳದಲ್ಲಿ ಕರಿ ಡಬ್ಬಿ ಬಿಚ್ಚಿ, ವೈರನ್ನು ನೇರವಾಗಿ ಜೋಡಿಸಿದಳು. ಸಂಜೆಗೆ ಐದನೇ ಗೆರೆ ಮೂಡಿತು! ‘ನೋಡು, ಬಂತಲ್ಲ!’ ಗೆದ್ದೆ ಎನಿಸಬೇಕಿತ್ತು. ಎದೆ ಮಾತ್ರ ಖಾಲಿ ಖಾಲಿ.

ಅಮ್ಮ ಸುಸ್ತಾಗಿ ಕಣ್ಣು ಮುಚ್ಚಿಯೇ ಗಾಡಿ ಹತ್ತಿದಳು. ಮೀಟರು ನೋಡಲಿಲ್ಲ.

ಮೊದಲ ಇಳಿಜಾರಿನಲ್ಲೇ ಏನೋ ಸರಿಯಿಲ್ಲವೆನಿಸಿತು. ಪ್ರತಿ ಸಲವೂ ಯಾರೋ ಹಿಂದಿನಿಂದ ಜಗ್ಗಿ ಹಿಡಿದಂತೆ ಇಳಿಯುತ್ತಿದ್ದ ಗಾಡಿ ಇಂದು ಹಗ್ಗ ಬಿಚ್ಚಿದ ಕರುವಿನಂತೆ ಓಡಿತು. ಅವಳು ಪೆಡಲು ತುಳಿದಳು. ಸುಟ್ಟ ವಾಸನೆ. ಇನ್ನೂ ಬಲವಾಗಿ ತುಳಿದಳು. ಪೆಡಲು ನೆಲ ಮುಟ್ಟಿತು. ಗಾಡಿ ನಿಲ್ಲಲಿಲ್ಲ!

“ಅಮ್ಮಾ! ಗಟ್ಟಿಯಾಗಿ ಹಿಡ್ಕೋ!”

ಎದುರಿಗೆ ಕೊಕ್ಕೆ ತಿರುವು. ಅಣ್ಣನ ತಿರುವು...

ಅದೇ ತಿರುವಿನಲ್ಲಿ ಹೆಗಲಿಗೆ ಭಾರದ ಚೀಲ ಹಾಕಿಕೊಂಡು ಮೆಕ್ಯಾನಿಕ್ ಹತ್ತಿ ಬರುತ್ತಿದ್ದ. ಗಾಡಿಯ ವೇಗ ನೋಡಿದವನೇ ಚೀಲ ಬಿಸಾಡಿದ. ಪಕ್ಕದಲ್ಲೇ ಓಡಿ, ಕಂಬಿ ಹಿಡಿದು, ಗಾಡಿಯ ಮೆಟ್ಟಿಲಿಗೆ ಹಾರಿದ.

“ಪೆಡಲು ಬಿಡು! ಗುಡ್ಡದ ಕಡೆ ತಿರುಗಿಸೇ!”

“ಆಗಲ್ಲ... ಕೈ ಬರ್ತಿಲ್ಲ...”

“ಬರುತ್ತೆ! ನಾನಿದ್ದೀನಿ, ತಿರುಗಿಸು!”

ಅವಳ ತಣ್ಣಗಿನ ಕೈಗಳ ಮೇಲೆ ಅವನ ಒಂದು ಕೈ ಬಿತ್ತು. ಇನ್ನೊಂದು ಕೈ ಹ್ಯಾಂಡ್‌ಬ್ರೇಕನ್ನು ಎಳೆಯಿತು. ಗಾಡಿ ಗುಡ್ಡದ ಮಗ್ಗುಲಿಗೆ ಉಜ್ಜಿಕೊಂಡು, ರಸ್ತೆ ಕೆಲಸದ ಮರಳುಗುಡ್ಡೆಗೆ ಮೂತಿ ತೂರಿಸಿ ನಿಂತಿತು.

“ಬದುಕಿದ್ದೀವಾ?” ಮೇಷ್ಟ್ರು ಒಂದು ಕಣ್ಣು ತೆರೆದರು. “ಸದ್ಯ! ಇಷ್ಟು ಹೊತ್ತು ಸೂಜಿ ಚುಚ್ಚಿಸಿಕೊಂಡಿದ್ದು ದಂಡ ಆಗ್ತಿತ್ತು.”

ಅವನ ಭುಜದಿಂದ ರಕ್ತ ಸೋರುತ್ತಿತ್ತು. ಗುಡ್ಡಕ್ಕೂ ಗಾಡಿಗೂ ನಡುವೆ ಉಜ್ಜಿದ್ದು ಅದೇ. ಅವನ ಕಣ್ಣು ಮಾತ್ರ ಮೀಟರಿನ ಮೇಲಿತ್ತು. ಐದು ಗೆರೆ.

ಅಮ್ಮ ಅದನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. “ತಪ್ಪು ನಂದು ಪುಟ್ಟೀ... ಅವನು ಹೇಳ್ತೀನಿ ಅಂದ. ನಾನೇ ತಡೆದೆ. ಆ ಪದ ನಿನ್ನ ಕಿವಿಗೆ ಬೀಳೋದು ಬೇಡ ಅಂತ...”

ಅಳುತ್ತಳುತ್ತಲೇ ಅಮ್ಮ ಎಲ್ಲವನ್ನೂ ಹೇಳಿದಳು. ತುಂಬಿದ ಬ್ಯಾಟರಿ, ಕೈ ಬಿಡುವ ಮೋಟರು, ಕರಿ ಡಬ್ಬಿ.

ಅವಳು ಇಳಿದು ಹೋಗಿ, ದಾರಿಯಲ್ಲಿ ಬಿದ್ದಿದ್ದ ಚೀಲ ಎತ್ತಿಕೊಂಡಳು. ಒಳಗೆ ಹೊಸ ಲೋಹದ ತಟ್ಟೆಗಳು ಮಿರಮಿರ ಮಿಂಚುತ್ತಿದ್ದವು.

“ಕಣ್ಣಿಗೆ ಬೀಳಬೇಡಿ ಅಂದಿದ್ದೆ. ಆದ್ರೂ ಇದನ್ನ ಹೊತ್ಕೊಂಡು ಬೆಟ್ಟ ಹತ್ತಿದ್ರಾ?”

“ಇವತ್ತೇ ಬಂತು. ನೀವು ಒಳಗಿರುವಾಗ ಹಾಕಿ, ಕಾಣದ ಹಾಗೆ ಹೋಗಿಬಿಡೋಣ ಅಂತಿದ್ದೆ. ತಡ ಆಯ್ತು...” ಅವನು ತಲೆ ತಗ್ಗಿಸಿದ. “ತಪ್ಪು ನಂದೂ ಹೌದು. ನಿಮಗೆ ನೋವಾದ್ರೂ ಹೇಳಬೇಕಿತ್ತು. ನೀವು ಅತ್ತರೆ ತಡ್ಕೊಳ್ಳೋ ಶಕ್ತಿ ನನಗಿರಲಿಲ್ಲ.”

“ಯಾಕೆ?”

“ಯಾಕೆ ಅಂದ್ರೆ... ಗ್ಯಾರೇಜಲ್ಲಿ ಅಷ್ಟು ದಿನ ಕೂತಿದ್ರಲ್ಲ, ಗೊತ್ತಾಗ್ಲಿಲ್ವಾ?”

ಗೊತ್ತಾಗಿತ್ತು. ಅವಳು ತನ್ನ ದುಪಟ್ಟಾ ಹರಿದು ಅವನ ಭುಜಕ್ಕೆ ಬಿಗಿದಳು. ಚೀಲದಿಂದ ಒಂದು ತಟ್ಟೆ ತೆಗೆದು ಅವನ ಮುಂದೆ ಹಿಡಿದಳು. ಕೈ ಇನ್ನೂ ತಣ್ಣಗಿತ್ತು.

“ಇದು... ಇದು ಬ್ರೇಕ್. ಅಲ್ವಾ?”

ಹಿಂದಿನ ಸೀಟಿನಲ್ಲಿ ಅಮ್ಮ ಬಿಕ್ಕಿದಳು.

“ಹೌದು. ಬ್ರೇಕ್.”

“ಹಾಕೋದು ನನಗೂ ಕಲಿಸಿಕೊಡಿ. ಇನ್ನು ಮೇಲೆ ನನ್ನಿಂದ ಏನೂ ಮುಚ್ಚಿಡಬೇಡಿ.”

“ಇಲ್ಲ. ಚಾರ್ಜು ಮಾತ್ರ ನಾಲ್ಕೇ ಗೆರೆ, ಮೇಡಂ.”

“ಆಗ್ಲೇ ‘ತಿರುಗಿಸೇ’ ಅಂದಾಯ್ತು, ಇನ್ನೆಲ್ಲಿಯ ಮೇಡಂ?”

ಅವನು ಗಾಬರಿಯಿಂದ ಅಮ್ಮನ ಕಡೆ ನೋಡಿದ. ಅಮ್ಮ ಕಣ್ಣೊರೆಸಿಕೊಂಡು ಬೇಕೆಂದೇ ಮುಖ ಆಚೆ ತಿರುಗಿಸಿದಳು.

“ಸರಿ...” ಅವನು ನೋವಿನಲ್ಲೇ ನಕ್ಕ. “ಹನ್ನೆರಡರ ಸ್ಪ್ಯಾನರು ಕೊಡು.”

ಅವಳು ಕೊಟ್ಟಳು. ಈ ಸಲ ಸರಿಯಾದದ್ದನ್ನೇ ಕೊಟ್ಟಳು.