ಕಸ್ತೂರೆವ್ವನ ಎಣ್ಣೆಯ ಹೆಸರು

ಯಂತ್ರ ಅನೀಲಕುಮಾರನದು, ಹೆಸರು ಕಸ್ತೂರೆವ್ವನದು. ತಾಳಿಕೋಟೆಯ ಅವನ ಎಣ್ಣೆ ಮಿಲ್ಲು, ನಾಲತವಾಡದ ಅವಳ ಹಳೆಯ ಗಾಣ, ಎರಡೂ ಸೇರಿ ಒಂದೇ ಕಂಪನಿಯಾಗುವುದೆಂದು ಮಾತಾಗಿತ್ತು. ಯಾರದಕ್ಕೆ ಎಷ್ಟು ಬೆಲೆಯೋ ಅವರಿಗೆ ಅಷ್ಟು ಪಾಲು. ಬೆಲೆ ಕಟ್ಟಲು ವಿಜಯಪುರದಿಂದ ಬಂದ ಶ್ರೀವಾಣಿ ಅವನ ಹೊಸ ಯಂತ್ರಗಳನ್ನೆಲ್ಲ ಸುತ್ತಿ ನೋಡಿ, “ಇವನ್ನ ರೊಕ್ಕ ಇದ್ದವ್ರು ಯಾರರೆ ತರಬಹುದ್ರಿ. ಸಿಂದಗಿಯಿಂದ ಮುದ್ದೇಬಿಹಾಳತನಕ ಮಂದಿ ಕಸ್ತೂರೆವ್ವನ ಕುಸುಬಿ ಎಣ್ಣಿನ ಬೇಕು ಅಂತಾರ. ಹೆಸರಿಗೂ ಬೆಲಿ ಐತ್ರಿ” ಎಂದುಬಿಟ್ಟಳು. ಇನ್ನೊಂದು ದಿನ ಗಾಣಕ್ಕೆ ಬಂದು, ಎಣ್ಣೆಯ ರುಚಿ ನೋಡಿ ಕೊನೆಯ ಮಾತು ಹೇಳುವವಳಿದ್ದಳು. ಅಂದರೆ ಯಜಮಾನಿಕೆ ಕಸ್ತೂರೆವ್ವನಿಗೆ, ಪಕ್ಕದ ಕುರ್ಚಿ ಇವನಿಗೆ. ಅನೀಲಕುಮಾರನ ಹೊಟ್ಟೆಗೆ ಬೆಂಕಿ ಬಿತ್ತು.

ಹೆಸರು ಕೆಡಿಸುವುದು ಅಂಥ ಕಷ್ಟವೇನಲ್ಲ. ಬಸವನ ಬಾಗೇವಾಡಿಯಲ್ಲಿ, ತನ್ನ ಗುರುತಿಲ್ಲದ ಅಂಗಡಿಯಲ್ಲಿ, ಬೆಳೆಗೆ ಹೊಡೆಯುವ ಬೇವಿನ ಎಣ್ಣೆ ಕೊಂಡ. ಎಷ್ಟು ಬೆರೆಸಿದರೆ ಮೂಗಿಗೆ ತಿಳಿಯದೆ ನಾಲಿಗೆಗೆ ಮಾತ್ರ ಹತ್ತುತ್ತದೆ ಎಂದು ಮನೆಯಲ್ಲಿ ಕದ್ದು ಪರೀಕ್ಷಿಸಿದ. ಶ್ರೀವಾಣಿ ಬರುವ ಹಿಂದಿನ ದಿನ ಮಧ್ಯಾಹ್ನ ಗಾಣಕ್ಕೆ ಹೋಗಿ, ಎಣ್ಣೆ ತೊಟ್ಟಿಯ ಮುಚ್ಚಳ ತೆಗೆದು ಸುರಿದ. ತಡೆಯುವವರು ಯಾರಿದ್ದರು? ಅಲ್ಲಿ ಅವನು ಮನೆಯ ಮಗನಿದ್ದ ಹಾಗೆ. ಕಸ್ತೂರೆವ್ವನ ಗಂಡ ಶ್ರೀಶೈಲಪ್ಪ ಅವನಿಗೆ ಎಣ್ಣೆಯ ಕೆಲಸ ಕಲಿಸಿದ್ದೇ ಆ ಗಾಣದಲ್ಲಿ. ತೀರಿಹೋದ ಶ್ರೀಶೈಲಪ್ಪನ ಫೋಟೊ ಗೋಡೆಯ ಮೇಲಿತ್ತು. ಅನೀಲಕುಮಾರ ಅತ್ತ ನೋಡಲಿಲ್ಲ. ಆದರೂ ಒಳಗಿನ ಮನಸ್ಸು ಥೂ ಅನ್ನುತ್ತಲೇ ಇತ್ತು. ಕಂಪನಿ ಆದಮೇಲೆ ವೈನಿಗೆ, ಅತ್ತಿಗೆಯಂಥವಳಿಗೆ, ಏನೂ ಕಡಿಮೆ ಮಾಡದೆ ನೋಡಿಕೊಂಡರಾಯಿತು ಎಂದು ಅದನ್ನು ಗದರಿಸಿ ಕೂಡಿಸಿದ.

ಮರುದಿನ ಕಸ್ತೂರೆವ್ವ, “ಮೊದಲ ಊಟ, ಆಮ್ಯಾಲ ಎಣ್ಣಿ” ಎಂದು ಶ್ರೀವಾಣಿ, ಅನೀಲಕುಮಾರ ಇಬ್ಬರನ್ನೂ ಕೂಡಿಸಿ ಬಿಸಿ ರೊಟ್ಟಿ, ಮೊಸರು, ಖಾರದ ಚಟ್ನಿಪುಡಿಯಾದ ಅಗಸಿ ಹಿಂಡಿ ಬಡಿಸಿದಳು. ಹಿಂಡಿಯ ನಡುವೆ ಬೆರಳಿನಿಂದ ಗುಳಿ ಮಾಡಿ ಎಣ್ಣೆ ಹಾಕಿಸಿಕೊಳ್ಳದೆ ಈ ಕಡೆ ಯಾರೂ ತುತ್ತು ಎತ್ತುವುದಿಲ್ಲ. ಶ್ರೀವಾಣಿ ಹಾಕಿಸಿಕೊಂಡಳು. ಅನೀಲಕುಮಾರ ತಾಟಿನ ಮೇಲೆ ಕೈ ಅಡ್ಡ ಹಿಡಿದ.

“ಎಣ್ಣಿ ಬ್ಯಾಡ್ರಿ ವೈನಿ. ಬೆಣ್ಣಿ ಇದ್ರ ಹಾಕ್ರಿ.”

ಅವಳು ಬೆಣ್ಣೆ ತಂದು ಹಾಕಿದಳು. ಶ್ರೀವಾಣಿ ಮುಖ ಕಿವುಚಲಿಲ್ಲ. ಖಾರದಲ್ಲಿ ಕಹಿ ಮುಚ್ಚಿಹೋಗಿರಬೇಕು ಎಂದುಕೊಂಡ.

ಊಟವಾದ ಮೇಲೆ ತೊಟ್ಟಿಯ ಎಣ್ಣೆ ಬೆರಳಿಗೆ ಹಚ್ಚಿ ನೆಕ್ಕಿದ ಶ್ರೀವಾಣಿ ಹೊರಗೆ ಓಡಿ ಉಗುಳಿದಳು. “ಕಹಿ ಐತ್ರಿ. ಇಂಥಾ ಮಾಲಿಗೆ ನಾ ಹೆಸರಿನ ಬೆಲಿ ಕಟ್ಟಾಂಗಿಲ್ರಿ.” ಕಸ್ತೂರೆವ್ವ ತಾನೂ ನೆಕ್ಕಿ ನೋಡಿ, ಗೋಡೆ ಹಿಡಿದು ಕುಳಿತಳು. ಅವಳ ಮುಖ ನೋಡಿ ಅನೀಲಕುಮಾರನಿಗೆ ತಾನೆಂಥ ಪಾಪಿ ಅನ್ನಿಸಿತು. ಆದರೆ ಕೆಲಸ ಆಗಿಹೋಗಿತ್ತು.

“ನಿನ್ನೆ ಮುಂಜಾನೆ ಇದ ತೊಟ್ಟ್ಯಾಗಿಂದ ಮನಿಗೆ ಡಬ್ಬಿ ತುಂಬಿಸೇನಿ,” ಎಂದಳು ಅವಳು, ತನ್ನಷ್ಟಕ್ಕೇ. “ಈಗ ಉಂಡಿದ್ದು ಆ ಡಬ್ಬಿ ಎಣ್ಣಿನ. ಚಲೋ ಇತ್ತು.” ಶ್ರೀವಾಣಿ ಹೌದೆಂದು ತಲೆಯಾಡಿಸಿದಳು. ಡಬ್ಬಿಯ ವಿಚಾರ ಅನೀಲಕುಮಾರನಿಗೆ ಹೊಳೆದೇ ಇರಲಿಲ್ಲ. ಕಸ್ತೂರೆವ್ವ ಮೆಲ್ಲಗೆ ತಲೆಯೆತ್ತಿದಳು. “ಎಣ್ಣಿ ಕಹಿ ಆಗೇತಿ ಅಂತ ನನಗ ಈಗ ಗೊತ್ತಾತು. ನೀ ಊಟಕ್ಕ ಕುಂತಾಗನ ಬ್ಯಾಡ ಅಂದಿ. ಯಾಕೋ ಅನೀಲ?” ಡಾಕ್ಟರು ಜಿಡ್ಡು ಬಿಡಿಸಿದ್ದಾರೆ ಎನ್ನಲು ಅವನು ಬಾಯಿ ತೆರೆದ. ಕೇಳಿ ಕೇಳಿ ಬೆಣ್ಣೆ ಹಾಕಿಸಿಕೊಂಡಿದ್ದು ನೆನಪಾಗಿ ಬಾಯಿ ಹಾಗೇ ಮುಚ್ಚಿತು.