ಮಧ್ಯಾಹ್ನದ ಗುಳಿಗೆ

ಗುಳಿಗೆ ಸಾಣೆಕಲ್ಲಿನ ಮೇಲೆ ಜಾರುತ್ತಲೇ ಇತ್ತು. ಪೂರ್ವಾ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ತೇಯ್ದಳು. ಹಳೆಯದಾಗಿದ್ದರೆ ಇಷ್ಟೊತ್ತಿಗೆ ಹಿಟ್ಟಾಗುತ್ತಿತ್ತು. ಈ ಹೊಸದು ಮಹಾ ಹಟಮಾರಿ.

ಕೂಸುಗಳಿಗೆ ಬೇರು ತೇಯ್ದು ನೆಕ್ಕಿಸುವ ಆ ಕಲ್ಲನ್ನು ರುದ್ರವ್ವಜ್ಜಿ ಧಾರವಾಡದಿಂದ ತಂದಿದ್ದಳು. ಗುಳಿಗೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವಳು ಬಿಪಿ ಗುಳಿಗೆಯನ್ನೂ ತೇಯಿಸಿಕೊಂಡು, ಜೇನು ಕಲಸಿ ನೆಕ್ಕುತ್ತಿದ್ದಳು. ಮಧ್ಯಾಹ್ನದ ಗುಳಿಗೆ ತೇಯುವುದು ಪೂರ್ವಾಳ ಕೆಲಸ. ಆಗ ಅಜ್ಜಿ ಎದ್ದು ಕೂರುತ್ತಿದ್ದಳು, ಕತೆ ಹೇಳುತ್ತಿದ್ದಳು.

ಹೋದ ವಾರ ಡಾಕ್ಟರು ಗುಳಿಗೆ ಬದಲಿಸಿದರು. ಬೆಳಿಗ್ಗೆ ಒಂದು ನುಂಗಿದರೆ ಇಡೀ ದಿನಕ್ಕೆ ಸಾಕು; ಅದನ್ನು ಪೂರ್ವಾ ಶಾಲೆಗೆ ಹೋದ ಮೇಲೆ ಮಮ್ಮಿ ಕೊಡುತ್ತಿದ್ದಳು. ಮಧ್ಯಾಹ್ನ ಏಳುವ ಕೆಲಸವಿಲ್ಲದೆ ಅಜ್ಜಿ ಸಂಜೆಯವರೆಗೂ ಮಲಗತೊಡಗಿದಳು. ಪಪ್ಪಾ ಚಾಕಣದ ಕಾರ್ಖಾನೆಯಲ್ಲಿ, ಮಮ್ಮಿ ಆಫೀಸಿನಲ್ಲಿ. ಮರಾಠಿ ಊರಾದ ವಾಕಡದ ಹೊಸ ಬಿಲ್ಡಿಂಗಿನಲ್ಲಿ ಪೂರ್ವಾಳಿಗೆ ಇನ್ನೂ ಗೆಳತಿಯರಿರಲಿಲ್ಲ. ಆರಿದ ಅವಲಕ್ಕಿ ತಿಂದು, ಖಾಲಿ ಪಾರ್ಕಿಂಗ್ ನೋಡುತ್ತ ನಿಲ್ಲುತ್ತಿದ್ದಳು. ಮನೆ ಬಿಕೋ ಎನ್ನುತ್ತಿತ್ತು. ಅವಳಿಗೆ ಅಳು ಬರುತ್ತಿತ್ತು.

ಇವತ್ತು ಅವಳು ಶಾಲೆಯಿಂದ ಬಂದಾಗ ಅಜ್ಜಿ ಎಚ್ಚರವಾಗಿದ್ದಳು. ಸೆರಗಿನ ಗಂಟು ಬಿಚ್ಚಿ ಗುಳಿಗೆ ಕೊಟ್ಟಳು.

"ಮುಂಜಾನೆ ನುಂಗಲಿಲ್ಲ. ಮಮ್ಮಿಗೆ ಹೇಳಬ್ಯಾಡ. ನೀ ತೇದು ಕೊಡು."

ಪೂರ್ವಾ ಕುಣಿಯುತ್ತ ಜೇನಿನ ಬಾಟಲಿ ತಂದಳು.

ತೇಯ್ದ ಗುಳಿಗೆಯನ್ನು ಜೇನಿನಲ್ಲಿ ನೆಕ್ಕಿ ಅಜ್ಜಿ ಕತೆ ಶುರುಮಾಡಿದಳು. ಅದು ಅರ್ಧವಾಗುವಷ್ಟರಲ್ಲಿ ಅವಳ ಮಾತು ತೊದಲಿತು. ಕಣ್ಣಿಗೆ ಕತ್ತಲೆ ಬಂದಂತಾಗಿ ಅವಳು ಗೋಡೆಗೆ ಒರಗಿದಳು. ಕೈ ತಣ್ಣಗಿತ್ತು. ಪೂರ್ವಾ ಮಮ್ಮಿಗೆ ಫೋನ್ ಮಾಡಿ, ಕೆಳಗಿನ ಮನೆಯ ನೀರಜಾ ಆಂಟಿಯನ್ನು ಕರೆಯಲು ಓಡಿದಳು. ಆಂಟಿ ಆಟೋದಲ್ಲಿ ಇಬ್ಬರನ್ನೂ ದವಾಖಾನೆಗೆ ಕರೆದೊಯ್ದರು.

ಅಜ್ಜಿಯ ಬಿಪಿ ತೀರ ಇಳಿದಿತ್ತು. ಅದು ಸರಿಹೋಗುವವರೆಗೂ ಡಾಕ್ಟರು ಅವಳನ್ನು ಅಲ್ಲೇ ಮಲಗಿಸಿದ್ದರು. ಆಮೇಲೆ ಪೂರ್ವಾಳನ್ನು ಹತ್ತಿರ ಕೂರಿಸಿಕೊಂಡು ಮರಾಠಿಯಲ್ಲಿ ಹೇಳಿದರು. ಹಳೆಯ ಗುಳಿಗೆ ನುಂಗಿದ ಕೂಡಲೇ ಕರಗುವಂಥದ್ದು. ಹೊಸದು ಹೊಟ್ಟೆಯಲ್ಲಿ ನಿಧಾನವಾಗಿ, ದಿನವಿಡೀ ಸ್ವಲ್ಪ ಸ್ವಲ್ಪವೇ ಔಷಧ ಬಿಡುವಂಥದ್ದು. ತೇಯ್ದರೆ, ಮುರಿದರೆ, ಅಗಿದರೆ ದಿನದ ಔಷಧವೆಲ್ಲ ಒಮ್ಮೆಲೇ ಮೈಗೆ ಸೇರುತ್ತದೆ. ನುಂಗಲು ಆಗದಿದ್ದರೆ ನನಗೆ ಹೇಳಬೇಕು, ಬೇರೆ ಔಷಧ ಕೊಡುತ್ತೇನೆ ಎಂದರು. ಪೂರ್ವಾ ತಲೆ ಎತ್ತಲಿಲ್ಲ. ಅಜ್ಜಿಗೆ ಏನಾದರೂ ಆಗಿದ್ದರೆ ಎಂದು ನೆನೆದು ಅವಳು ಎದ್ದು ಹೋಗಿ ಅಜ್ಜಿಯ ಕೈ ಹಿಡಿದುಕೊಂಡಳು.

ಮರುದಿನ ಬೆಳಿಗ್ಗೆ ಪೂರ್ವಾಳ ಎದುರಿಗೇ ಅಜ್ಜಿ ಗುಳಿಗೆ ಬಾಯಿಗೆ ಹಾಕಿಕೊಂಡು ಒಂದೇ ಗುಟುಕು ನೀರು ಕುಡಿದಳು. ಗುಳಿಗೆ ಇಳಿದೇಬಿಟ್ಟಿತು.

"ಅಜ್ಜಿ, ನಿನಗ ನುಂಗಲಿಕ್ಕೆ ಬರ್ತದ?"

"ಬರ್ತದವ್ವಾ."

"ಮತ್ತ ನಿನ್ನೆ ಯಾಕ ಇಟ್ಟುಕೊಂಡಿ?"

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ನೀ ಸಾಲಿಗೆ ಹೋದ ಮ್ಯಾಲೆ ಈ ಮನ್ಯಾಗ ನನ್ನ ಕೂಡ ಯಾರು ಮಾತಾಡ್ತಾರ, ಹೇಳು."

ಶಾಲೆ ಬಿಡುವವರೆಗೂ ಆ ಮಾತೇ ಪೂರ್ವಾಳ ಕಿವಿಯಲ್ಲಿತ್ತು.

ಮಧ್ಯಾಹ್ನ ಬಂದವಳೇ ಸಾಣೆಕಲ್ಲನ್ನು ತೊಳೆದು, ಅದರ ಮೇಲೆ ಬರೀ ಜೇನು ಹಾಕಿದಳು. ಅಜ್ಜಿಯನ್ನು ಎಬ್ಬಿಸಲು ಕೋಣೆಗೆ ಹೋದಳು.

ಅಜ್ಜಿ ತಲೆ ಬಾಚಿಕೊಂಡು, ಬಾಗಿಲ ಕಡೆ ನೋಡುತ್ತ, ಎದ್ದೇ ಕೂತಿದ್ದಳು.